ಲೀಶ್ ಹಿಡಿದ ಕೈ

ಚಾಮರಾಜಪೇಟೆಯ ಬೀದಿಯಲ್ಲಿ ನಾಯಿ ಹಿಡಿದುಕೊಂಡು ಹೋಗುವ ಹೆಂಗಸನ್ನು ಕಂಡರೆ ಎಲ್ಲರಿಗೂ ಅದೇ ಒಂದು ತಮಾಷೆ ಹೊಳೆಯುತ್ತದೆ.

"ಏನ್ ಮೇಡಂ, ನೀವು ನಾಯಿನ ವಾಕಿಂಗ್ ಕರ್ಕೊಂಡ್ ಹೋಗ್ತಿದೀರೋ, ಅದು ನಿಮ್ಮನ್ನ ಕರ್ಕೊಂಡ್ ಹೋಗ್ತಿದ್ಯೋ?"

ಹೂವಿನವನು ಕೇಳಿದ. ಇಸ್ತ್ರಿ ಅಂಗಡಿಯವನು ಕೇಳಿದ. ಬೆಳಗ್ಗೆ ಹಾಲು ತರಲು ಬಂದ ನಿವೃತ್ತ ಮೇಷ್ಟ್ರೊಬ್ಬರು ಕನ್ನಡಕ ಏರಿಸಿಕೊಂಡು ಕೇಳಿದರು. ಪ್ರತಿಯೊಬ್ಬರೂ ಭೂಮಿಯ ಮೇಲೆ ಈ ಮಾತನ್ನು ಮೊದಲ ಸಲ ಆಡಿದವರು ತಾವೇ ಎಂಬಂತೆ ನಕ್ಕರು. ಸರ್ವಮಂಗಳಾ ಮೊದಮೊದಲು ತಾನೂ ನಗುತ್ತಿದ್ದಳು. ಆಮೇಲೆ ಬರೀ ತಲೆಯಾಡಿಸುತ್ತಿದ್ದಳು. ಈಚೆಗೆ ಅದೂ ಇಲ್ಲ, ಹಲ್ಲು ಕಚ್ಚಿಕೊಂಡು ಮುಂದೆ ಹೋಗಿಬಿಡುತ್ತಿದ್ದಳು. ಮುಂದೆ ಹೋಗುತ್ತಿದ್ದಳು ಎನ್ನುವುದೂ ಪೂರ್ತಿ ಸರಿಯಲ್ಲ. ಅವಳನ್ನು ಎಳೆದುಕೊಂಡು ಹೋಗಲಾಗುತ್ತಿತ್ತು.

ಅವಳ ಮೈ ಉರಿಯುತ್ತಿದ್ದದ್ದು ಅದಕ್ಕೇ. ಆಡಿದ ಮಾತು ನಿಜವಾಗಿತ್ತು. ಬಸವನಗುಡಿ, ಚಾಮರಾಜಪೇಟೆಗಳ ಎಷ್ಟೋ ಮನೆಗಳ ನಾಯಿಗಳಿಗೆ ಲೀಶ್, ಅಂದರೆ ಕೊರಳಿಗೆ ಕಟ್ಟಿದ ಹಗ್ಗ, ಎಳೆಯದೆ ಪಕ್ಕದಲ್ಲಿ ನಡೆಯುವುದನ್ನು ಕಲಿಸಿದವಳು ಅವಳೇ. ಸ್ವಂತ ನಾಯಿ ಮಾತ್ರ ಅವಳನ್ನು ತಳ್ಳುಗಾಡಿಯ ಹಾಗೆ ಎಳೆದಾಡುತ್ತಿತ್ತು.

ಸರ್ವಮಂಗಳಾ ಬಳೇಪೇಟೆಯಲ್ಲಿ ಮೂರು ತಲೆಮಾರಿನಿಂದ ಬಳೆಯ ಸಗಟು ವ್ಯಾಪಾರ ಮಾಡಿಕೊಂಡು ಬಂದ ಮನೆಯ ಮಗಳು. ಈಗ ಆ ಅಂಗಡಿಯನ್ನು ಅಣ್ಣ ರುದ್ರೇಶ್ ನಡೆಸುತ್ತಾನೆ. ಬ್ಯಾಂಕ್ ನೌಕರ ಪ್ರಸನ್ನನನ್ನು ಮದುವೆಯಾಗಿ ಚಾಮರಾಜಪೇಟೆಗೆ ಬಂದ ಮೇಲೆ ಅವಳು ಬಹಳ ಕಾಲ ಶಿಶುವಿಹಾರದಲ್ಲಿ ಪಾಠ ಮಾಡಿದಳು. ಅದು ಮುಚ್ಚಿಹೋದಾಗ, ಎದುರು ಮನೆಯವರ ಪುಂಡ ನಾಯಿಯೊಂದನ್ನು ಸುಮ್ಮನೆ ಹೊತ್ತು ಹೋಗಲೆಂದು ಪಳಗಿಸಿದಳು. ಒಬ್ಬರು ಇನ್ನೊಬ್ಬರಿಗೆ ಹೇಳಿ ಅದೇ ಕಸುಬಾಯಿತು.

ಕಸುಬಿನಲ್ಲಿ ನಾಯಿಗಳಿಂದ ಅವಳಿಗೆ ತೊಂದರೆ ಇರಲಿಲ್ಲ. ತೊಂದರೆಯೆಲ್ಲ ನಾಯಿ ಸಾಕಿದವರದ್ದು. "ಲೀಶ್ ಬಿಗಿಯಾದ ಕೂಡ್ಲೇ ನಿಂತ್ಬಿಡಿ. ಸಡಿಲ ಆದ್ಮೇಲೆ ಹೆಜ್ಜೆ ಇಡಿ. ಅಷ್ಟೇ. ಆದ್ರೆ ದಿನಾ ಮಾಡ್ಬೇಕು," ಎಂದು ಗಂಟಲು ಹರಿದುಕೊಳ್ಳುತ್ತಿದ್ದಳು. ಅವರು ಹೂಂಗುಟ್ಟಿ, ಮಾರನೆಯ ದಿನದಿಂದ ನಾಯಿಯನ್ನು ಮನೆಗೆಲಸದವಳ ಕೈಗೋ ವಾಚ್‌ಮನ್ ಕೈಗೋ ಕೊಟ್ಟುಬಿಡುತ್ತಿದ್ದರು. ಎರಡು ವಾರದ ಮೇಲೆ ಫೋನ್ ಬರುತ್ತಿತ್ತು: "ನೀವು ಕಲಿಸಿದ್ದೆಲ್ಲ ಮರ್ತೋಗಿದೆ ನೋಡಿ."

"ಮರೆತಿರೋದು ನಾಯಿ ಅಲ್ಲ," ಎಂದು ಹೇಳಬೇಕೆನಿಸುತ್ತಿತ್ತು. ಆದರೂ ಹೋಗಿ ಮತ್ತೆ ಕಲಿಸುತ್ತಿದ್ದಳು.

ಅವಳ ನಾಯಿ ಟಾಫಿ ಬಂದದ್ದೂ ಹಾಗೇ. ಬಸವನಗುಡಿಯ ಬದರೀನಾರಾಯಣ ಎಂಬ ಹಿರಿಯರು ಮೊಮ್ಮಗಳ ಹಟಕ್ಕೆ ಬೀಗಲ್ ಜಾತಿಯ ಮರಿ ತಂದಿದ್ದರು. ಜೋಲುಕಿವಿ, ಬಿಳಿ ಕಾಲು, ಕಂಡವರೆಲ್ಲ ಮುದ್ದಿಸಬೇಕೆನ್ನಿಸುವ ಮುಖ. ಮರಿ ದೊಡ್ಡದಾಗುತ್ತ ಅಡುಗೆಮನೆ ದೋಚಲು ಶುರುಮಾಡಿತು, ಬೀದಿಗೆ ಕರೆದುಕೊಂಡು ಹೋದರೆ ಯಜಮಾನರನ್ನು ಕಲ್ಲುಚಪ್ಪಡಿಯ ಮೇಲೆ ಬೀಳಿಸಿತು. "ಎರಡು ವಾರ ನಿಮ್ಮನೇಲೇ ಇಟ್ಕೊಂಡು ತಿದ್ದಿ ಕೊಡಮ್ಮ," ಎಂದು ಬಿಟ್ಟುಹೋದರು. ಎರಡು ವಾರವಾಯಿತು, ತಿಂಗಳಾಯಿತು. ಕೊನೆಗೊಂದು ದಿನ ಫೋನಿನಲ್ಲಿ, "ಮೊಮ್ಮಗಳು ಈಗ ಅದನ್ನ ಕೇಳೋದೇ ಬಿಟ್ಟಿದಾಳಮ್ಮ. ನಿಮ್ಮಲ್ಲಿ ಚೆನ್ನಾಗಿ ಹೊಂದ್ಕೊಂಡಿದೆ ಅಲ್ವಾ? ಅಲ್ಲೇ ಇರ್ಲಿ," ಎಂದರು. ರಿಪೇರಿಗೆ ಕೊಟ್ಟ ಹಳೇ ಕುರ್ಚಿಯನ್ನು ವಾಪಸು ತರುವುದು ಬೇಡ ಎಂದು ಹೇಳಿದಷ್ಟೇ ಸಲೀಸಾಗಿ.

ಸರ್ವಮಂಗಳಾ ಫೋನಿಟ್ಟು ಅಡುಗೆಮನೆಗೆ ಹೋದಳು. ಅಲ್ಲಿ ಅತ್ತೆ ವಿಶಾಲಾಕ್ಷಮ್ಮ ಸೌಟು ಹಿಡಿದು ನಿಂತಿದ್ದರು.

"ಇನ್ನೂ ಎಷ್ಟು ದಿನ ಇದು?"

"ಇನ್ನು ಇಲ್ಲೇ ಅತ್ತೆ."

ವಿಶಾಲಾಕ್ಷಮ್ಮ ಸೌಟು ಕೆಳಗಿಟ್ಟರು. ಲಿಂಗಪೂಜೆಯ ಕೋಣೆಯ ಬಾಗಿಲು ಎಳೆದುಕೊಂಡು ಚಿಲಕ ಹಾಕಿದರು.

ಆದರೆ ಟಾಫಿಯ ಮೂಗು ಅಂಥಿಂಥದಲ್ಲ. ಅಟ್ಟದ ಮೇಲೆ, ಸ್ಟೀಲ್ ಡಬ್ಬದೊಳಗೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಒಣಕೊಬ್ಬರಿಯನ್ನು ಕೆಳಗಿನಿಂದಲೇ ಕಂಡುಹಿಡಿದು, ಅಟ್ಟ ನೋಡುತ್ತ ಅರ್ಧ ದಿನ ಕೂರುತ್ತಿತ್ತು. ಇದನ್ನು ರುದ್ರೇಶನಿಗೆ ಹೇಳಿದಾಗ ಅವನು ನಕ್ಕು, "ಹಂಗಾದ್ರೆ ಇದಕ್ಕೆ ತಿಗಣೆ ಹಿಡಿಯೋದು ಕಲ್ಸು. ಉಪ್ಪಾರಪೇಟೆ ಲಾಡ್ಜ್‌ನವರು ಕಾಲಿಗೆ ಬೀಳ್ತಾರೆ," ಎಂದ.

ಅವನು ತಮಾಷೆಗೆ ಹೇಳಿದ್ದು. ಅವಳ ತಲೆಯಲ್ಲಿ ಅದು ಕೂತುಬಿಟ್ಟಿತು. ಮೊಬೈಲಿನಲ್ಲಿ ಹುಡುಕಿದರೆ, ಹೊರದೇಶಗಳಲ್ಲಿ ನಿಜವಾಗಿಯೂ ಅಂಥ ನಾಯಿಗಳಿದ್ದವು. ಹೋಟೆಲಿನ ಕೋಣೆಗೆ ಹೋಗಿ, ತಿಗಣೆ ಎಲ್ಲಿ ಅಡಗಿದೆಯೋ ಅಲ್ಲಿ ಕೂತು ತೋರಿಸುತ್ತಿದ್ದವು. ಕಟ್ಟಡಕ್ಕೆಲ್ಲ ಔಷಧಿ ಹೊಡೆಯುವ ಬದಲು ಆ ಒಂದು ಮಂಚಕ್ಕೆ ಹೊಡೆದರೆ ಸಾಕು. ಹಣ ಕಟ್ಟಿ ಕಲಿಯುವ ಒಂದು ಆನ್‌ಲೈನ್ ತರಗತಿಗೂ ಸೇರಿದಳು.

ಕಲಿಸಲು ತಿಗಣೆ ಬೇಕಲ್ಲ. ಉಪ್ಪಾರಪೇಟೆಯ ಲಾಡ್ಜುಗಳಲ್ಲಿ ವಿಚಾರಿಸಿದಳು. ಕೌಂಟರಿನಲ್ಲಿ ಕೂತವರೆಲ್ಲ ತಾಯಿಯ ಮೇಲೆ ಆಣೆಯಿಟ್ಟರು. ಒಂದು ತಿಗಣೆಯೂ ಇಲ್ಲ, ಹಿಂದೆ ಇರಲಿಲ್ಲ, ಮುಂದೆ ಇರುವುದೂ ಇಲ್ಲ. ಹಾಗೆ ಹೇಳುತ್ತಿರುವಾಗಲೇ ಒಬ್ಬ ಮೊಣಕೈ ಕೆರೆದುಕೊಳ್ಳುತ್ತಿದ್ದ. ಕೊನೆಗೆ ಗುಜರಿ ಅಂಗಡಿಯ ಹಳೇ ಮಂಚದ ಸಂದಿಯಿಂದ, ಬ್ರಷ್ ಹಿಡಿದು, ಬಾಯಿಗೆ ಸೆರಗು ಕಟ್ಟಿಕೊಂಡು ಅವಳೇ ಒಂದಷ್ಟು ಹಿಡಿದು ತಂದಳು.

ಹಿಡಿದು ತಂದದ್ದನ್ನು ಸಾಕಬೇಕು. ಸಾಕುವುದೆಂದರೆ ರಕ್ತ ಕೊಡಬೇಕು. ನೈಲಾನ್ ಬಟ್ಟೆ ಬಿಗಿದ ಡಬ್ಬಿಯ ಬಾಯನ್ನು ತನ್ನ ತೋಳಿಗೆ ಒತ್ತಿಕೊಂಡು ಕೂತಿದ್ದಾಗ ಪ್ರಸನ್ನ ನೋಡಿಬಿಟ್ಟ.

"ಏನದು?"

"ಊಟ ಕೊಡ್ತಿದೀನಿ."

ಪ್ರಸನ್ನ ಅಂದು ರಾತ್ರಿ ಊಟ ಮಾಡಲಿಲ್ಲ. ವಿಶಾಲಾಕ್ಷಮ್ಮ ಮಾತ್ರ ಮಾರನೆಯ ದಿನ ಊಟದ ಜೊತೆಗೆ ಮಾತನ್ನೂ ಬಿಟ್ಟರು. ಮೂರನೆಯ ದಿನ ಮಾತು ಬಂದಾಗ ಹೇಳಿದ್ದು ಇಷ್ಟೇ: "ನಮ್ಮಮ್ಮ ಇದನ್ನ ಮನೆಯಿಂದ ಓಡ್ಸಕ್ಕೆ ಬಿಸಿಲಲ್ಲಿ ಮಂಚ ಹೊತ್ತುಹಾಕಿ, ಸಂದಿಸಂದಿಗೂ ಸೀಮೆಎಣ್ಣೆ ಬಿಟ್ಟು ಸಾಯ್ತಿದ್ಲು. ನೀನು ಕರ್ಕೊಂಡ್ ಬಂದು ರಕ್ತ ಕುಡಿಸ್ತಿದೀಯ." ಡಬ್ಬಿ ಟೆರೇಸಿನ ಮೇಲಿನ ಸಣ್ಣ ಕೋಣೆಯಲ್ಲೇ ಇರಬೇಕು, ಮೆಟ್ಟಿಲು ಇಳಿಯಕೂಡದು ಎಂದು ಕರಾರಾಯಿತು.

ಟೆರೇಸಿನಲ್ಲಿ ಪಾಠ ಶುರುವಾಯಿತು. ಮುಚ್ಚಳಕ್ಕೆ ತೂತು ಕೊರೆದ ಒಂದೇ ಥರದ ಡಬ್ಬಗಳ ಸಾಲು. ಒಂದರಲ್ಲಿ, ವಾಸನೆ ಹೊರಬರುವಂತೆ ಮುಚ್ಚಳದಲ್ಲಿ ನೈಲಾನ್ ಜಾಲರಿಯಿದ್ದ ಸಣ್ಣ ಸೀಸೆಯೊಳಗೆ ಒಂದಷ್ಟು ತಿಗಣೆ, ಉಳಿದವುಗಳಲ್ಲಿ ಬಟ್ಟೆ ಚೂರು, ಸೋಪು, ಕಾಗದ. ಸರಿಯಾದ ಡಬ್ಬದ ಮುಂದೆ ಕೂತರೆ ಕೊಬ್ಬರಿ ಚೂರು. ಟಾಫಿ ಕೆಲವೇ ದಿನಗಳಲ್ಲಿ ಕಲಿತುಬಿಟ್ಟಿತು. ಡಬ್ಬ ಹೇಗೆ ಬದಲಾಯಿಸಿಟ್ಟರೂ ಮೂಗೆಳೆದುಕೊಂಡು ಬಂದು ಟಪ್ಪನೆ ಕೂರುತ್ತಿತ್ತು. ಸರ್ವಮಂಗಳಾಗೆ ಕಣ್ಣು ತುಂಬಿ ಬಂತು. ಇಷ್ಟು ದಿನ ಬೇರೆಯವರ ನಾಯಿಗಳಿಗೆ ಕಲಿಸಿ, ಅವರು ಕೆಡಿಸಿ, ಮತ್ತೆ ಕಲಿಸಿ ಸಾಕಾಗಿದ್ದವಳಿಗೆ ಇದೊಂದಾದರೂ ತನ್ನದು ಎನಿಸಿತು.

ಬೀದಿಗಿಳಿದರೆ ಮಾತ್ರ ಎಲ್ಲ ನೀರಲ್ಲಿ ಹೋಮ. ಅಗೆದು ಬಿಟ್ಟ ಫುಟ್‌ಪಾತು, ಮೂಲೆಯ ಕಸದ ರಾಶಿ, ಬೀದಿನಾಯಿಗಳ ಸಂತೆ. ಲೀಶ್ ಬಿಗಿಯಾದರೆ ನಿಲ್ಲಬೇಕು ಎಂಬ ತನ್ನದೇ ಪಾಠದಂತೆ ಅವಳು ನಿಲ್ಲುತ್ತಿದ್ದಳು. ಟಾಫಿ ಎಳೆಯುತ್ತಲೇ ಇರುತ್ತಿತ್ತು. ಹಿಂದಿನಿಂದ ಸ್ಕೂಟರಿನವನು ಹಾರ್ನ್ ಬಾರಿಸುತ್ತಿದ್ದ. ಯಾರೋ ತಮಾಷೆ ಮಾಡುತ್ತಿದ್ದರು. ಅವಳು ತಾಳ್ಮೆಗೆಟ್ಟು ಲೀಶನ್ನು ಒಂದು ಸಲ ಜಗ್ಗಿ ಎಳೆದುಬಿಡುತ್ತಿದ್ದಳು. ಬೇರೆಯವರು ಹಾಗೆ ಜಗ್ಗಿದರೆ ಬೈಯುವವಳೂ ಅವಳೇ. ಮನೆಗೆ ಬಂದು ಭುಜಕ್ಕೆ ಮುಲಾಮು ಹಚ್ಚಿಕೊಳ್ಳುವಾಗ ನೋವಿಗಿಂತ ಅದೇ ಹೆಚ್ಚು ಉರಿಯುತ್ತಿತ್ತು.

ಅಷ್ಟರಲ್ಲಿ ರುದ್ರೇಶ್ ಫೋನ್ ಮಾಡಿದ. ಅವನ ಗೆಳೆಯ ಈಶ್ವರ್ ಉಪ್ಪಾರಪೇಟೆಯಲ್ಲಿ ಲಾಡ್ಜ್ ನಡೆಸುತ್ತಾನೆ. ಗಿರಾಕಿಗಳು ತಿಗಣೆ ಕಡಿದ ಬೆನ್ನಿನ ಫೋಟೋಗಳನ್ನೇ ಇಂಟರ್‌ನೆಟ್ಟಿಗೆ ಹಾಕತೊಡಗಿದ್ದರು. "ಬಂದು ಒಂದ್ಸಲ ತೋರ್ಸು. ಆದ್ರೆ ಆಯ್ತು, ಇಲ್ಲಾಂದ್ರೆ ಟೀ ಕುಡ್ದು ಬರೋಣ."

"ಇನ್ನೂ ಲೀಶಲ್ಲಿ ಸರಿಯಾಗಿ ನಡೆಯಲ್ಲ ಅಣ್ಣ. ಸ್ವಲ್ಪ ದಿನ ಬೇಕು."

"ನಡೆಯೋದು ಯಾರಿಗ್ ಬೇಕೇ? ಮೂಗು ಕೆಲ್ಸ ಮಾಡಿದ್ರೆ ಆಯ್ತಲ್ಲ!"

ಅವಳಿಗೂ ಒಳಗೊಳಗೇ ಹಾಗೇ ಅನ್ನಿಸಿತ್ತು. ಹೋದಳು.

ಲಾಡ್ಜಿನ ಉದ್ದನೆಯ ಕಾರಿಡಾರಿನಲ್ಲಿ ಟಾಫಿ ಅವಳನ್ನು ಜಾರುಬಂಡಿ ಆಡಿಸಿಕೊಂಡು ಹೋಯಿತು. ಯಾರೋ ಬಾಗಿಲ ಹೊರಗಿಟ್ಟಿದ್ದ ತಟ್ಟೆಯಿಂದ ಪೂರಿ ಎಗರಿಸಿತು. ಬೀರುವಿನ ಕಾಲಿಗೆ ಕಾಲೆತ್ತಿತು. ಈಶ್ವರನ ಹುಡುಗರು ಹಿಂದೆ ಹಿಂದೆ ನಗುತ್ತ ಬರುತ್ತಿದ್ದರು. ರುದ್ರೇಶ್ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ. ಮೂಲೆಯ ಒಂದು ಕೋಣೆಗೆ ಕಾಲಿಟ್ಟ ಕೂಡಲೇ ಸರ್ವಮಂಗಳಾಗೆ, ಇದೇ ಇರಬೇಕು ಎನ್ನಿಸಿತು. ಗೋಡೆ ಒದ್ದೆ, ಹಳೇ ಮರದ ಮಂಚ, ತಲೆದಿಂಬಿನ ಮೇಲೆ ಕಲೆ. ಟಾಫಿ ಮಂಚದ ಸುತ್ತ ಒಂದು ಸುತ್ತು ಬಂದು, ತಲೆಯ ಕಡೆಗೆ ಟಪ್ಪನೆ ಕೂತಿತು.

"ಇಲ್ಲಿದೆ!" ಎಂದಳು.

ಹಾಸಿಗೆ ಎತ್ತಿದರು. ಮಂಚ ಬಿಚ್ಚಿದರು. ಹಲಗೆ ಹಲಗೆಗೂ ಟಾರ್ಚ್ ಹಾಕಿದರು. ಧೂಳು, ಒಂದು ಹೇರ್‌ಪಿನ್ನು, ಎಂದೋ ಬಿದ್ದ ಮಾತ್ರೆ. ತಿಗಣೆ ಇರಲಿಲ್ಲ. ಇನ್ನೊಂದು ಕೋಣೆಯಲ್ಲಿ ಕೂತಿತು, ಅಲ್ಲೂ ಇಲ್ಲ. ಮೂರನೆಯದನ್ನು ಬಿಚ್ಚಲು ಹೇಳುವ ಧೈರ್ಯ ಅವಳಿಗೆ ಬರಲಿಲ್ಲ.

"ಬಿಡಿ ಮೇಡಂ," ಎಂದ ಈಶ್ವರ್. "ಪಾಪ, ಸುಸ್ತಾಗಿದೆ ಅಂತ ಕಾಣುತ್ತೆ, ಅದಕ್ಕೇ ಕೂತ್ಕೊಂತಿದೆ." ಹುಡುಗರು ಗೊಳ್ಳೆಂದು ನಕ್ಕರು.

ರುದ್ರೇಶ್ ಆ ವಿಡಿಯೋವನ್ನು ಮನೆಯವರ ಗುಂಪಿಗೆ ಕಳಿಸಿದ. ಅಲ್ಲಿಂದ ಅದು ಎಲ್ಲೆಲ್ಲಿಗೋ ಹೋಯಿತು. 'ಉಪ್ಪಾರಪೇಟೆ ಸಿಐಡಿ' ಎಂದು ಯಾರೋ ಹೆಸರು ಕೊಟ್ಟು, ಹಿಂದೆ ಪತ್ತೇದಾರಿ ಸಂಗೀತ ಸೇರಿಸಿದ್ದರು. ಸರ್ವಮಂಗಳಾ ಅಣ್ಣನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದಳು. ಬೈದು ಮುಗಿದ ಮೇಲೆ, ಗಾಯ ಕೆರೆದುಕೊಳ್ಳುವವರ ಹಾಗೆ ಅದೇ ವಿಡಿಯೋವನ್ನು ಮತ್ತೆ ಮತ್ತೆ ನೋಡಿದಳು.

ಎಷ್ಟನೆಯ ಸಲವೋ ನೋಡುತ್ತಿರುವಾಗ ಅವಳ ಕಣ್ಣು ನಾಯಿಯನ್ನು ಬಿಟ್ಟು ತನ್ನದೇ ಕೈಯ ಮೇಲೆ ಬಿತ್ತು.

ಮೂಲೆಯ ಕೋಣೆ. ಟಾಫಿ ಮಂಚದ ಸುತ್ತ ಬರುತ್ತಿದೆ. ತಲೆಯ ಕಡೆ ಬಂದಾಗ ಅವಳ ಹೆಜ್ಜೆ ನಿಧಾನವಾಗುತ್ತದೆ. ಲೀಶ್ ಹಿಡಿದ ಎಡಗೈ ತುಸುವೇ ತುಸು ಬಿಗಿಯಾಗುತ್ತದೆ. ಬಲಗೈ, ಅವಳಿಗೇ ತಿಳಿಯದೆ, ಸೊಂಟದ ಕೊಬ್ಬರಿ ಚೀಲದ ಕಡೆಗೆ ಹೋಗುತ್ತದೆ. ಟಾಫಿ ಅವಳ ಮುಖವನ್ನೊಮ್ಮೆ ನೋಡಿ, ಕೂರುತ್ತದೆ.

ಎರಡನೆಯ ಕೋಣೆಯಲ್ಲೂ ಹಾಗೇ.

ಅವಳು ಮೊಬೈಲ್ ಮಗುಚಿಟ್ಟಳು. ಟೆರೇಸಿನ ಮೇಲೆ ಇಷ್ಟು ದಿನ ಡಬ್ಬಗಳನ್ನು ಜೋಡಿಸಿದ್ದು ಅವಳೇ. ತಿಗಣೆ ಯಾವುದರಲ್ಲಿದೆ ಎಂದು ಪ್ರತಿ ಸಲವೂ ಅವಳಿಗೆ ಗೊತ್ತಿತ್ತು. ನಾಯಿ ಕಲಿತದ್ದು ತಿಗಣೆಯ ವಾಸನೆಯನ್ನಲ್ಲ, ಅವಳ ಕೈಯನ್ನು. "ನಿಮ್ಮ ಕೈಯಲ್ಲಿರೋ ಬಿಗಿ ನಾಯಿಗೆ ಗೊತ್ತಾಗುತ್ತೆ" ಎಂದು ಕಂಡಕಂಡವರಿಗೆಲ್ಲ ಪಾಠ ಮಾಡಿದವಳು ತನ್ನ ಕೈಯನ್ನೇ ನೋಡಿಕೊಂಡಿರಲಿಲ್ಲ. ಎಳೆಯುವ ನಾಯಿಯ ಲೀಶ್ ಯಾವಾಗಲೂ ಬಿಗಿ. ಬಿಗಿಯಾದ ಲೀಶಿನಲ್ಲಿ ಕೈಯ ಸಣ್ಣ ಅಳುಕೂ ಅದಕ್ಕೆ ತಂತಿಯಂತೆ ತಲುಪುತ್ತದೆ. ನಡಿಗೆ ಸರಿಯಿಲ್ಲದಿದ್ದರೇನು, ಮೂಗು ಸಾಕು ಎಂದುಕೊಂಡದ್ದೇ ತಪ್ಪಾಗಿತ್ತು. ಎರಡೂ ಒಂದೇ ಪಾಠ.

ಒಂದಿಡೀ ವಾರ ಅವಳು ಡಬ್ಬ ಮುಟ್ಟಲಿಲ್ಲ. ಪ್ರಸನ್ನ "ಹೋಗ್ಲಿ ಬಿಡು, ಹಾಬಿ ಅನ್ಕೊ," ಎಂದದ್ದಕ್ಕೆ ಜಗಳವಾಯಿತು. ಟಾಫಿ ಟೆರೇಸಿನ ಬಾಗಿಲ ಬಳಿ ಹೋಗಿ ಕೂತು, ತಿರುಗಿ ನೋಡುತ್ತಿತ್ತು. ಆ ನೋಟ ಕಂಡರೂ ಅವಳಿಗೆ ಸಿಟ್ಟು. ಇದು ಕೂಡ ನನ್ನ ಮುಖ ಓದುತ್ತಿದೆ ಎಂದು.

ಮತ್ತೆ ಮೊದಲಿನಿಂದ ಶುರುಮಾಡಬೇಕಿತ್ತು, ಅದೂ ಬೇರೆ ಯಾರಾದರೂ ಅಡಗಿಸಿಟ್ಟು. ಪ್ರಸನ್ನ ಆ ಸೀಸೆಯನ್ನು ಮುಟ್ಟಲಾರೆ ಎಂದ. ರುದ್ರೇಶನನ್ನು ಕೇಳಲು ಮನಸ್ಸಿರಲಿಲ್ಲ.

"ತಾ ಇಲ್ಲಿ," ಎಂದರು ವಿಶಾಲಾಕ್ಷಮ್ಮ, ಒಂದು ದಿನ ಮಧ್ಯಾಹ್ನ. "ನಾನೇ ಇಡ್ತೀನಿ. ಈ ನಿನ್ನ ಮುಖ ನೋಡ್ಕೊಂಡು ಊಟ ಮಾಡಕ್ಕಾಗ್ತಿಲ್ಲ ನಂಗೆ."

"ಅತ್ತೆ, ಮುಚ್ಚಳ ಭದ್ರವಾಗಿದೆ, ಹೆದರ್ಕೋಬೇಡಿ."

"ಹೆದರೋದ್ಯಾಕೆ? ಅಸಹ್ಯ ಅಷ್ಟೇ." ಎರಡು ಬೆರಳಿನಲ್ಲಿ, ಸತ್ತ ಇಲಿಯನ್ನು ಹಿಡಿದಂತೆ ಸೀಸೆಯನ್ನು ಎತ್ತಿಕೊಂಡು ಹೋದರು.

ಹೊಸ ಪಾಠ ಹಳೆಯದರಷ್ಟು ಸುಖವಾಗಿರಲಿಲ್ಲ. ಎಲ್ಲಿದೆ ಎಂದು ತನಗೇ ಗೊತ್ತಿಲ್ಲದಾಗ ಸರ್ವಮಂಗಳಾ ಲೀಶನ್ನು ಜೋಲುಬಿಟ್ಟು, ಕೈಗಳನ್ನು ಹೊಟ್ಟೆಗೆ ಅಂಟಿಸಿಕೊಂಡು ನಡೆಯಬೇಕಿತ್ತು. ಟಾಫಿ ಎಲ್ಲೆಂದರಲ್ಲಿ ಕೂತು ಅವಳ ಮುಖ ನೋಡುತ್ತಿತ್ತು. ಅವಳು ಅತ್ತೆಯ ಮುಖ ನೋಡುತ್ತಿದ್ದಳು. "ಅಲ್ಲ," ಎನ್ನುತ್ತಿದ್ದರು ಅವರು, ಮೊರದಲ್ಲಿ ಅಕ್ಕಿ ಆರಿಸುತ್ತ. ಇನ್ನೊಂದು ಕಡೆ ಕೂರುತ್ತಿತ್ತು. "ಅಲ್ಲ." ಎಷ್ಟು ದಿನ ಬರೀ "ಅಲ್ಲ"! ಕೆಲವೊಮ್ಮೆ ಅತ್ತೆ ಬೇಕೆಂದೇ ಹಾಗೆ ಹೇಳುತ್ತಿದ್ದಾರೇನೋ ಎಂದು ಅನುಮಾನ ಬಂದು ಸೀಸೆ ತೆಗೆದು ನೋಡಿದ್ದೂ ಉಂಟು. ಅವರು ಹೇಳಿದ್ದೇ ಸರಿಯಿರುತ್ತಿತ್ತು. ಅದರ ಜೊತೆಗೆ ಬೀದಿಯ ನಡಿಗೆ. ಬಿಗಿಯಾದರೆ ನಿಲ್ಲು, ಸಡಿಲಾದರೆ ನಡೆ. ಈ ಸಲ ಅವಳು ಜಗ್ಗಲಿಲ್ಲ. ಮನೆಯಿಂದ ಮೊದಲ ತಿರುವು ಮುಟ್ಟುವುದರಲ್ಲೇ ಬೆಳಗಿನ ಹೊತ್ತು ಮುಗಿದುಹೋಗುತ್ತಿತ್ತು. ಮನೆಗೆ ಹಿಂತಿರುಗಿ ಬಾತ್‌ರೂಮಿನಲ್ಲಿ ನೀರು ಬಿಟ್ಟುಕೊಂಡು ಅತ್ತ ದಿನಗಳೂ ಇದ್ದವು.

ಗೌರಿಹಬ್ಬಕ್ಕೆ ಎರಡು ದಿನ ಇರುವಾಗ ವಿಶಾಲಾಕ್ಷಮ್ಮ ಬೆವರು ಒರೆಸಿಕೊಳ್ಳುತ್ತ ಬಂದು ಸೊಸೆಯ ಮುಂದೆ ನಿಂತರು.

"ಮಂಗಳಾ, ಒಂದು ಯಡವಟ್ಟಾಗಿದೆ."

"ಏನತ್ತೆ?"

"ಆ ಶೀಶೆ... ಎಲ್ಲಿಟ್ಟೆ ಅಂತ ಗೊತ್ತಾಗ್ತಿಲ್ಲ. ಇಡಕ್ಕೆ ಅಂತ ಹೋದೆ, ತುಮಕೂರಿಂದ ನನ್ ತಂಗಿ ಫೋನ್ ಬಂತು. ಮಾತಾಡ್ತಾ ಮಾತಾಡ್ತಾ ಎಲ್ಲೋ ಇಟ್ಬಿಟ್ಟಿದೀನಿ."

"ಟೆರೇಸಲ್ಲಾ?"

ಅತ್ತೆ ತಲೆ ತಗ್ಗಿಸಿದರು. "ಮಳೆ ಬರ್ತಿತ್ತು ಅಂತ ಕೆಳಗೆ ತಂದಿದ್ದೆ. ಮುಚ್ಚಳ ತಿರುಗ್ಸಿ ನೋಡಿದ್ದೆ ಬೇರೆ. ಸರಿಯಾಗಿ ಹಾಕಿದ್ನೋ ಇಲ್ವೋ..."

ಹಬ್ಬಕ್ಕೆ ತುಮಕೂರಿನವರೆಲ್ಲ ಬರುವವರಿದ್ದರು. ಸರ್ವಮಂಗಳಾ ದಿಂಬು ಎತ್ತಿದಳು, ಸೋಫಾ ಎಳೆದಳು, ಅಕ್ಕಿ ಡಬ್ಬದವರೆಗೆ ಕೈ ಹಾಕಿದಳು. ಅವಳ ತಲೆ ಸಿಡಿಯುತ್ತಿತ್ತು. ಮೆಟ್ಟಿಲು ಇಳಿಯಕೂಡದು ಎಂದು ಕರಾರು ಹಾಕಿದವರು ಇವರೇ! ಆ ಮಾತು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು.

ಆಮೇಲೆ ಟಾಫಿಗೆ ಲೀಶ್ ಹಾಕಿದಳು. ಕೈಗಳನ್ನು ಹೊಟ್ಟೆಗೆ ಒತ್ತಿಕೊಂಡಳು. "ಹುಡ್ಕು."

ಅವಳಿಗೆ ಗೊತ್ತಿರಲಿಲ್ಲ. ಈ ಸಲ ಅತ್ತೆಗೂ ಗೊತ್ತಿರಲಿಲ್ಲ. ಟಾಫಿ ಓದಬೇಕೆಂದರೂ ಆ ಮನೆಯಲ್ಲಿ ಯಾರ ಮುಖದಲ್ಲೂ ಉತ್ತರ ಇರಲಿಲ್ಲ. ಅದು ನಡುಮನೆ ಸುತ್ತಿತು. ಅಡುಗೆಮನೆಯ ಹೊಸಿಲಲ್ಲಿ ಕೊಬ್ಬರಿಗಾಗಿ ಒಮ್ಮೆ ನಿಂತು, ಮುಂದೆ ಹೋಯಿತು. ಅತ್ತೆಯ ಕೋಣೆಗೆ ನುಗ್ಗಿ, ಮಂಚ ಮೂಸಿ, ಬಿಟ್ಟಿತು. ಕಬ್ಬಿಣದ ಬೀರುವಿನ ಹತ್ತಿರ ಅದರ ಬಾಲ ನಿಂತುಹೋಯಿತು. ಬಾಗಿಲ ಸಂದಿಗೆ ಮೂಗಿಟ್ಟು ಉಸಿರೆಳೆದು, ಕೂತಿತು. ಸರ್ವಮಂಗಳಾ ಅಲುಗಾಡಲಿಲ್ಲ. ಟಾಫಿಯೂ ಅವಳ ಕಡೆ ನೋಡಲಿಲ್ಲ. ಬೀರುವನ್ನೇ ನೋಡುತ್ತಿತ್ತು.

ವಿಶಾಲಾಕ್ಷಮ್ಮ ಬೀಗ ತೆಗೆದರು. ಮಡಿಸಿಟ್ಟ ಇಳಕಲ್ ಸೀರೆಯ ಪದರದೊಳಗೆ ಸೀಸೆ ತಣ್ಣಗೆ ಮಲಗಿತ್ತು. ಮುಚ್ಚಳ ಭದ್ರವಾಗಿಯೇ ಇತ್ತು.

"ನನ್ ಮದುವೆ ಸೀರೆ ಕಣೇ!" ಎಂದು ಕೂಗಿದವರು, ಒಂದು ಗಳಿಗೆ ಬಿಟ್ಟು, ಸೆರಗಿನ ತುದಿಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಅಂದು ಕೊಬ್ಬರಿಯನ್ನು ಟಾಫಿಗೆ ಅವರೇ ಕೊಟ್ಟರು, ಚೂರಲ್ಲ, ಅರ್ಧ ಗಿಟುಕು. ಅಷ್ಟೆಲ್ಲ ಕೊಡಬಾರದು ಎಂದು ಹೇಳಲು ಹೋದ ಸೊಸೆಯನ್ನು ಗದರಿಸಿದರು.

ಕೆಲಸವೊಂದು ಹುಡುಕಿಕೊಂಡು ಬಂದದ್ದು ಆ ಹಾಳು ವಿಡಿಯೋದಿಂದಲೇ. ದೀಪಾವಳಿ ಕಳೆದ ಮೇಲೆ ಒಂದು ಹುಡುಗಿ ಫೋನ್ ಮಾಡಿದಳು.

"ಮೇಡಂ, ಲಾಡ್ಜ್ ವಿಡಿಯೋದಲ್ಲಿರೋ ನಾಯಿ ನಿಮ್ದೇನಾ?"

ಸರ್ವಮಂಗಳಾ ಫೋನಿಡಲು ಹೋದಳು. "ನಗಕ್ಕೆ ಫೋನ್ ಮಾಡಿದ್ರೆ ಇಟ್ಬಿಡಿ."

"ಇಲ್ಲ ಮೇಡಂ. ನನಗೆ ಬೇರೆ ಯಾರೂ ಗೊತ್ತಿಲ್ಲ." ಹುಡುಗಿ ಅವಸರದಲ್ಲಿ ಹೇಳತೊಡಗಿದಳು. ಹೆಸರು ಪೂಜಿತಾ, ಊರು ದಾವಣಗೆರೆ. ಮಲ್ಲೇಶ್ವರದ ಲೇಡೀಸ್ ಪಿಜಿಯೊಂದಕ್ಕೆ ಬಂದು ತಿಂಗಳಾಗಿತ್ತು, ಹತ್ತಿರದ ಲ್ಯಾಬಿನಲ್ಲಿ ಕೆಲಸ. ಅವಳು ಬಂದ ಮೇಲೆ ಹುಡುಗಿಯರಿಗೆ ತಿಗಣೆ ಕಡಿಯತೊಡಗಿದೆ ಎಂದು ಮಾತೆದ್ದಿತ್ತು. ಪಿಜಿ ನಡೆಸುವ ಚೂಡಾಮಣಿಯವರು ಅವಳ ಬ್ಯಾಗುಗಳನ್ನು ವರಾಂಡಾದಲ್ಲಿ ಇಡಿಸಿದ್ದರು. ಊಟಕ್ಕೆ ಕೂತರೆ ಪಕ್ಕದವರು ಎದ್ದು ಹೋಗುತ್ತಿದ್ದರು.

ಮಾರನೆಯ ದಿನ ಸರ್ವಮಂಗಳಾ ಟಾಫಿಯನ್ನು ಕರೆದುಕೊಂಡು ಪಿಜಿಗೆ ಹೋದಾಗ ಚೂಡಾಮಣಿ ಬಾಗಿಲಲ್ಲೇ ನಿಂತಿದ್ದರು. ಹಳೇ ಕಾಲದ ದೊಡ್ಡ ಮನೆ, ಕೆಂಪು ನೆಲ, ಮಹಡಿಗೆ ಮರದ ಮೆಟ್ಟಿಲು. "ಮೊದ್ಲು ಅವಳ ರೂಮ್ ನೋಡಿ. ಮೇಲೆ, ಎಡಗಡೆ..."

"ದಯವಿಟ್ಟು ಹೇಳ್ಬೇಡಿ ಮೇಡಂ. ಯಾವ ರೂಮ್ ಯಾರ್ದು ಅಂತ ನನಗೆ ಗೊತ್ತಾಗ್ಬಾರ್ದು."

"ಯಾಕೆ? ಗೊತ್ತಿದ್ರೆ ಬೇಗ ಆಗುತ್ತಲ್ಲ!"

"ನನಗೆ ಗೊತ್ತಾದ್ರೆ ನಾಯಿಗೂ ಗೊತ್ತಾಗುತ್ತೆ."

ಚೂಡಾಮಣಿಗೆ ಅದು ಹುಚ್ಚುಮಾತಾಗಿ ಕೇಳಿಸಿರಬೇಕು. ಮೆಟ್ಟಿಲು ಹತ್ತುವಾಗಲೂ "ಎಡಗಡೆದು, ಕಿಟಕಿ ಪಕ್ಕದ ಮಂಚ" ಎಂದು ಗೊಣಗುತ್ತಲೇ ಬಂದರು. ಸರ್ವಮಂಗಳಾ ಕೊನೆಗೆ, "ನೀವು ಕೆಳಗೇ ಇದ್ಬಿಡಿ," ಎಂದು ದನಿ ಎತ್ತಬೇಕಾಯಿತು. ಅಷ್ಟಾದರೂ ಎಡಗಡೆ, ಕಿಟಕಿ ಎಂಬುದು ಕಿವಿಗೆ ಬಿದ್ದುಹೋಗಿತ್ತು. ಆ ಮಂಚದ ಹತ್ತಿರ ಬಂದಾಗ ತನ್ನ ಬೆರಳುಗಳು ಮಡಿಚಿಕೊಳ್ಳುತ್ತಿರುವುದು ಅವಳಿಗೆ ತಿಳಿಯಿತು. ಲೀಶನ್ನು ಇನ್ನಷ್ಟು ಜೋಲುಬಿಟ್ಟು, ಸೂರು ನೋಡುತ್ತ ನಡೆದಳು. ಟಾಫಿ ಮಂಚವನ್ನು ಮೂಸಿತು. ಮುಂದೆ ಹೋಯಿತು. ಎಲ್ಲ ಕೋಣೆಗಳನ್ನೂ ದಾಟಿತು. ಎಲ್ಲೂ ಕೂರಲಿಲ್ಲ.

ಆಗಲೇ ಅವಳಿಗೆ ಹೆದರಿಕೆಯಾದದ್ದು. ಮತ್ತೆ ಉಪ್ಪಾರಪೇಟೆಯೇ? ಹುಡುಗಿಯರು ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದರು, ಒಬ್ಬಳು ಮೊಬೈಲ್ ಎತ್ತಿ ಹಿಡಿದಿದ್ದಳು. ಕೆಳಗಿಳಿದು, ಹಜಾರ ದಾಟಿ ಹೊರಟಾಗ ಟಾಫಿ ಗಕ್ಕನೆ ತಿರುಗಿತು. ಹಜಾರದ ಗೋಡೆಗೆ ಒರಗಿಸಿದ್ದ ಹಳೇ ಬೀಟೆಮರದ ದಿವಾನ್ ಮಂಚದ ಕಡೆಗೆ. ಚೂಡಾಮಣಿ ಹಗಲೆಲ್ಲ ಕೂರುತ್ತಿದ್ದ ಜಾಗ. ಹುಡುಗಿಯರು ಬಾಡಿಗೆ ಕೊಡಲು, ಫೋನ್ ಮಾಡಲು, ಊರಿಂದ ಬಂದ ಅಪ್ಪಅಮ್ಮಂದಿರ ಜೊತೆ ಮಾತಾಡಲು ಕೂರುತ್ತಿದ್ದ ಜಾಗ. ಟಾಫಿ ಅದರ ಮೂಲೆಗೆ ಮೂಗಿಟ್ಟು ಕೂತಿತು.

ಸರ್ವಮಂಗಳಾ ಅದನ್ನು ಹೊರಗೆ ಕರೆದುಕೊಂಡು ಹೋಗಿ, ಬೇರೆ ಬಾಗಿಲಿನಿಂದ ಮತ್ತೆ ಒಳಗೆ ತಂದಳು. ಅದೇ ಮೂಲೆ. ಅದೇ ಕೂರುವಿಕೆ.

"ಹಾಸು ತೆಗೀರಿ," ಎಂದಳು.

ಹಾಸಿನ ಅಂಚಿನ ಹೊಲಿಗೆಯುದ್ದಕ್ಕೂ ಕಪ್ಪು ಚುಕ್ಕೆಗಳು. ಹಲಗೆಯ ಸಂದಿಯಲ್ಲಿ ಒಣಗಿದ ಪೊರೆಗಳು, ಮೊಟ್ಟೆಗಳು, ಬೆಳಕು ಬಿದ್ದ ಕೂಡಲೇ ಚೆಲ್ಲಾಪಿಲ್ಲಿಯಾದ ತಿಗಣೆಗಳು. ಹುಡುಗಿಯರು ಕಿರುಚಿ ಹಿಂದೆ ಸರಿದರು.

ಚೂಡಾಮಣಿಯ ಮುಖ ಕಪ್ಪಿಟ್ಟಿತು. ಆದರೂ, "ಅವಳು ಸೇರೋ ದಿನ ಇಲ್ಲೇ ಕೂತಿದ್ದು. ಅವಳಿಂದಾನೇ ಬಂದಿರ್ಬೇಕು," ಎಂದರು.

ಸರ್ವಮಂಗಳಾ ಸಂದಿಯ ಪೊರೆಗಳನ್ನು ಬೆರಳು ಮಾಡಿ ತೋರಿಸಿದಳು. "ಎಲ್ಲಿದೆ ಅಂತ ನಾಯಿ ಹೇಳುತ್ತೆ ಮೇಡಂ, ಯಾರು ತಂದ್ರು ಅಂತ ಹೇಳಲ್ಲ. ಆದ್ರೆ ಇಷ್ಟೊಂದು ಪೊರೆ ಒಂದು ತಿಂಗಳಲ್ಲಿ ಆಗಲ್ಲ. ನಾನು ಸಾಕಿದೀನಿ ಇವನ್ನ, ನನಗೆ ಗೊತ್ತು. ಇದು ತುಂಬ ದಿನದ ಸಂಸಾರ."

ಚೂಡಾಮಣಿ ವರಾಂಡಾದಲ್ಲಿ ನಿಂತಿದ್ದ ಪೂಜಿತಾಳ ಕಡೆ ನೋಡದೆ, "ಬ್ಯಾಗ್ ಒಳಗಿಟ್ಕೊಳೇ," ಎಂದರು. ಸರ್ವಮಂಗಳಾಳನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. "ಈ ವಿಷಯ ಯಾರಿಗೂ ಹೇಳ್ಬೇಡಿ. ಹೊಸ ಹುಡುಗೀರು ಸೇರೋ ಟೈಮು."

ಗೇಟಿನವರೆಗೆ ಪೂಜಿತಾ ಬಂದಳು. ಕೂತು ಟಾಫಿಯ ಕಿವಿ ನೇವರಿಸಿದಳು. ತಿಂಗಳ ಕೊನೆಗೆ ಪಿಜಿ ಬಿಡುತ್ತೇನೆ ಎಂದಳು.

ಸರ್ವಮಂಗಳಾಗೆ ರೇಗಿತು. "ಮತ್ತೆ ಇಷ್ಟೆಲ್ಲ ಯಾಕಮ್ಮ? ಮೊದ್ಲೇ ಬಿಟ್ಟು ಹೋಗ್ಬಹುದಿತ್ತಲ್ಲ!"

"ಹೋಗ್ಬಹುದಿತ್ತು ಮೇಡಂ. ತಪ್ಪು ನಂದೇ ಅನ್ನೋ ಹಂಗೆ ಹೋಗೋದು ಬೇಡ ಅನ್ನಿಸ್ತು."

ಸರ್ವಮಂಗಳಾ ಅವಳ ಭುಜ ತಟ್ಟಿದಳು.

ಸಂಪಿಗೆ ರಸ್ತೆಯಲ್ಲಿ ಒಂದಾದ ಮೇಲೊಂದು ಆಟೋದವರು ನಾಯಿ ಕಂಡು ಮುಖ ತಿರುಗಿಸಿದರು. ಕೊನೆಗೆ ಪ್ರಸನ್ನನೇ ಆಫೀಸಿನಿಂದ ಕಾರು ತಂದ.

"ಸಿಕ್ತಾ?"

"ಸಿಕ್ತು."

"ಮತ್ಯಾಕೆ ಮುಖ ಹಿಂಗಿದೆ?"

"ಸಿಗದೇ ಇದ್ದಾಗ ಊರಿಗೆಲ್ಲ ಗೊತ್ತಾಯ್ತು. ಸಿಕ್ಕಿದಾಗ ಯಾರಿಗೂ ಹೇಳಬಾರದಂತೆ ರೀ!" ಪ್ರಸನ್ನ ನಗಲು ಹೋಗಿ, ಅವಳನ್ನು ನೋಡಿ ಕಾರು ಮುಂದೆ ಬಿಟ್ಟ.

ಅವಳ ಕಸುಬು ಈಗಲೂ ಹಾಗೇ ನಡೆದಿದೆ. ಕೆಲಸ ಚೆನ್ನಾಗಿ ಆದಷ್ಟೂ ಅದನ್ನು ಮುಚ್ಚಿಡುವ ಗಿರಾಕಿಗಳು. ಫೋನುಗಳು ಬರುತ್ತವೆ, ಪಿಸುದನಿಯಲ್ಲಿ. ನಾಯಿಯನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬರಲಾಗುತ್ತದೆಯೇ, ಹಿತ್ತಲ ಬಾಗಿಲಿನಿಂದ ಬರುತ್ತೀರಾ ಎಂದು ಕೇಳುತ್ತಾರೆ. ಲೀಶ್ ಹಿಡಿದುಕೊಂಡು ಮುಂಬಾಗಿಲಿನಿಂದ ಬರುತ್ತೇವೆ ಎನ್ನುತ್ತಾಳೆ. ಅರ್ಧಕ್ಕರ್ಧ ಜನ ಆಮೇಲೆ ಹೇಳುತ್ತೇವೆ ಎಂದು ಫೋನಿಡುತ್ತಾರೆ. ಉಳಿದವರು ಒಪ್ಪುತ್ತಾರೆ.

ಮಲ್ಲೇಶ್ವರದಿಂದ ಬಂದ ಸಂಜೆ ವಿಶಾಲಾಕ್ಷಮ್ಮ ಸೊಪ್ಪು ಬಿಡಿಸುತ್ತ ಕೂತಿದ್ದರು. ಯಾರಿಗೂ ಹೇಳಬಾರದೆಂಬ ಮಾತು ಅತ್ತೆಗೆ ಅನ್ವಯಿಸುವುದಿಲ್ಲ ಎಂದು ದಾರಿಯಲ್ಲೇ ತೀರ್ಮಾನಿಸಿದ್ದ ಸರ್ವಮಂಗಳಾ, ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಹೇಳಿದಳು. ಅತ್ತೆ ಪೂರ್ತಿ ಕೇಳಿಸಿಕೊಂಡು, ಸೊಪ್ಪಿನ ದಂಟು ಮುರಿಯುತ್ತ ತಲೆದೂಗಿದರು.

"ದಿವಾನ್ ಮೂಲೇಲಾ? ನಾನಾಗಿದ್ರೂ ಶೀಶೆನ ಅಲ್ಲೇ ಇಡ್ತಿದ್ದೆ."